ಒಳಮಡಿಕಿ

ಜೂನ್ ಬಂತಂದ್ರ ವಾಡಿ ಟೇಶನ್ ಮಗ್ಗಲ ನನ್ನ ಮಷೀನು
ನಸುಕಿನ ಗಾಡಿಗಿಂತ ಮೊದಲೇ ಏಳ್ತದ.
ಸರ್ಕಾರದ ಅರಿವಿ ಗಂಟು ಕಟ್ಟಿ ಬರ್ತದ,
ನೀಲಿ, ಬರೀ ನೀಲಿ.
ಎಲ್ಲಾರೂ ಒಂದೇ ಅಂತ ಹೆಡ್ ಮಾಸ್ತರು ಹಿಗ್ತಾರ.
ಎರಡು ದಿನ ಹೊರಗ ಒಣ ಹಾಕ್ರಿ ಸಾಕು,
ಸಿಮೆಂಟ್ ಧೂಳ ಕುಂತು
ಗಾರ್ಡ್ ಸಾಹೇಬರ ಮಗಂದೂ ತಾಂಡಾದ ಪೂರಿಬಾಯಿದೂ
ಬೂದಿ ಬಣ್ಣನೇ.
ಅದಕ್ಕ ಯಾರ ಸುತ್ತೋಲಿನೂ ಬೇಕಾಗಿಲ್ಲ.

ನನ್ನ ಕಸುಬಿನ ಗುಟ್ಟು ಹೇಳ್ತೀನಿ.
ಬೆಳೆಯೋ ಕೂಸಿಗಿ ಇವತ್ತಿನ ಅಳತಿ ಹಿಡಿಬಾರದು.
ಕೆಳಗ ಎರಡು ಇಂಚು ಒಳಗ ಮಡಚಿ
ಕಚ್ಚಾ ಹೊಲಿಗಿ ಹಾಕಬೇಕು.
ದೀಪಾವಳಿಗಿ ಒಂದು ಇಂಚು ಬಿಚ್ಚು, ಯುಗಾದಿಗಿ ಇನ್ನೊಂದು.
ಬಿಚ್ಚಿದಲ್ಲಿ ಗೆರಿ ಉಳೀತದ,
ಬಿಸಿಲು ಕಾಣದ ಗಾಢ ನೀಲಿ.
ಈ ಹುಡುಗಿ ಈ ವರ್ಷ ಇಷ್ಟು ಎದ್ದಾಳ
ಅಂತ ಓಣಿಗೆಲ್ಲಾ ಗೊತ್ತಾಗ್ತದ.

ಹೋದ ಶ್ರಾವಣದಾಗ ಸಾಲಿ ಮೀಟಿಂಗಿಗಿ ಕರೆದ್ರು.
"ಚಂದ್ರಭಾಗಮ್ಮ, ಸ್ಯಾಂಪಲ್ ತಗೊಂಡು ಬಾ."
ಫರ್ಸಿ ಮ್ಯಾಲ ಕುರ್ಚಿ ಜರಗಿದ ಸಪ್ಪಳ.
ತೋಳು ಮೊಣಕೈ ತನಕೋ, ಮುಂಗೈ ತನಕೋ?
ದುಪಟ್ಟಾಕ್ಕ ಪಿನ್ ಹಾಕಬೇಕೋ, ತಲಿ ಮ್ಯಾಲ ಬರಬಹುದೋ?
ಬಳಿ? ಮಲ್ಲಿಗಿ? ಹಣಿ ಮ್ಯಾಲಿನ ವಿಭೂತಿ?
ಕೈಗಿನ ಕೆಂಪು ದಾರ ಅರಿವಿ ಲೆಕ್ಕಕ್ಕ ಬರ್ತದೋ?
ಒಬ್ಬರು ಕಾನೂನು ಅಂದ್ರು, ಒಬ್ಬರು ಶಿಸ್ತು ಅಂದ್ರು,
ಒಬ್ಬರು "ನಮ್ಮ ಕಾಲದಾಗ" ಅಂತ ಸುರು ಮಾಡಿ
ಚಾ ಬಂದ ಮ್ಯಾಲ ಮರ್ತ್ರು.
"ಒಂದೇ ಅರಿವಿ ಇದ್ರ ಬಡವರ ಕೂಸಿಗಿ ನಾಚಿಕಿ ಇರಂಗಿಲ್ಲ"
ಅಂದ್ರು ಗಣಿತದ ಮೇಡಮ್ಮು.
ಖರೆ ಮಾತದು.
ನಾ ಹರಕ ಲಂಗದಾಗ ಹಿಂದಿನ ಸಾಲಿಗಿ ಕುಂತಾಕಿ.
ಆ ನೀಲಿ ಅವತ್ತು ಸಿಕ್ಕಿದ್ರ
ನಾಕನೇ ಕ್ಲಾಸು ದಾಟ್ತಿದ್ದೆನೋ ಏನೋ.

ಮೂಲ್ಯಾಗ ಶಾಯಿಸ್ತಾ ನಿಂತಿದ್ಳು,
ಕಲ್ಲು ಒಡಿಯೋ ಖಾಜಾಮಿಯಾನ ಹಿರೀ ಮಗಳು, ಒಂಬತ್ತನೇ ಕ್ಲಾಸು.
ಎರಡು ತಾಸು ಆಕಿ ಅರಿವಿ ಮಾತೇ ಆಯ್ತು.
ಅರಿವಿ ಒಳಗ ಆಕಿ ಇದ್ಳು.
ಯಾರೂ ಒಂದು ಮಾತು ಕೇಳಲಿಲ್ಲ.
ನಾನೂ ಕೇಳಲಿಲ್ಲ,
ಕೊಳ್ಳಾಗ ಅರವತ್ತು ಇಂಚಿನ ಟೇಪು ಜೋತು ಬಿಟಗೊಂಡು
ಗ್ವಾಡಿಗಿ ಹತ್ತಿ ನಿಂತೆ.

ಠರಾವು ಆಯ್ತು. ಸಹಿ ಆದ್ವು. ನನಗ ಹೊಸ ಚೀಟಿ ಬಂತು.
ಆಕಿ ಒಂದು ವಾರ ಬಂದ್ಳಂತ, ಆಮ್ಯಾಲ ಇಲ್ಲ.
ಸೇಡಂದಾಗ ಖಾಲಾ ಮನಿ ಅಂತಾರ ಕೆಲವರು,
ಮದಿವಿ ಅಂತಾರ ಕೆಲವರು.
ಆಕಿ ಎರಡನೇ ಜೋಡು ನನ್ನ ಮೊಳಿಗಿ ತೂಗ್ತಿತ್ತು.
ಗೂಡ್ಸ್ ಗಾಡಿ ಹೋದಾಗೊಮ್ಮೆ ಅಂಗಡಿ ನಡುಗಿ
ಆ ತೋಳು ಅಲ್ಲಾಡ್ತಿದ್ವು.
ನಾ ಆ ಕಡಿ ನೋಡ್ತಿದ್ದಿಲ್ಲ.

ಮೊನ್ನೆ ಬಾಗಲಾಗ ಸಣ್ಣದೊಂದು ಬಂದು ನಿಂತು
"ಅಕ್ಕಾಂದು ನನಗ ಆಗ್ತದೇನ್ರಿ?" ಅಂತು.
ರುಖಿಯಾ. ಆರನೇ ಕ್ಲಾಸು. ಮುಂದಿನ ಎರಡು ಹಲ್ಲು ದೊಡ್ಡವು.
ಅಕ್ಕ ಹೆಂಗಿದ್ದಾಳ ಅನ್ನೋದು ಬಾಯಿ ತನಕ ಬಂತು,
ಹಲ್ಲಾಗ ಗುಂಡಸೂಜಿ ಇದ್ದವು.
ತಗದಿಟ್ಟು ಬ್ಯಾರೆ ಕೇಳಿದೆ:
"ನಿನಗ ಹೆಂಗ ಬೇಕವ್ವ?"
ಎಷ್ಟೋ ಹೊತ್ತು ವಿಚಾರ ಮಾಡ್ತು.
ತೋಳಂತದ, ತಲಿ ಮ್ಯಾಲಿಂದ ಅಂತದ ಅಂದ್ಕೊಂಡಿದ್ದೆ.
"ಕಿಸಿ ಬೇಕ್ರಿ," ಅಂತು. "ಎರಡೂ ಕಡಿ."

ಚೀಟಿ ತಗದು ನೋಡಿದೆ.
ಕಿಸಿ ಬಗ್ಗೆ ಯಾರೂ ಏನೂ ಬರೆದಿಲ್ಲ.
ಒಳಮಡಿಕಿ ಈ ಸಲ ಆರು ಇಂಚು ಹಿಡಿದೀನಿ,
ಅಕ್ಕನ ಉದ್ದ ಅದರಾಗೇ ಇರ್ಲಿ.

ಅಳತಿ ಹಿಡಿಯೋವಾಗ ಕೂಸು ಹಿಮ್ಮಡ ಎತ್ತಿ ನಿಂತಿತ್ತು.
ಕೆಳಗಿಡು ಅಂದೆ.
ಇಡಲಿಲ್ಲ.