ಒಂದೂವರೆ ಇಂಚು

ಟೈಲ್ಸ್ ಒಡೆಯೂದು ಬೇಡ, ಎಂದ ಇನಾಸ.
ಒಡೆದರೆ ಕೆಳಗಿನ ಮನೆಯವರು ಜಗಳಕ್ಕೆ ಬರ್ತಾರೆ.
ಮೇಲೆಯೇ ಹಾಸುವ.
ಹಳೇ ನೆಲ ಎಲ್ಲಿಗೂ ಹೋಗೂದಿಲ್ಲ, ಸುಮ್ಮನೆ ಅಡಿಗೆ ಮಲಗಿರ್ತದೆ.

ಹಬ್ಬುವಾಡದ ಎರಡನೇ ಮಹಡಿ. ಬಿಳಿ ಟೈಲ್ಸು,
ಆಸ್ಪತ್ರೆಯದರಂತೆ. ಕಳೆದ ಆಷಾಢದಲ್ಲಿ
ಅವ್ವಿ ಇದರ ಮೇಲೆ ಎರಡು ಸಲ ಜಾರಿದಳು.
ಮೂರನೇ ಸಲ ಜಾರದೆ ಗೋಡೆ ಹಿಡಿದು ನಿಂತೇಬಿಟ್ಟಳು,
ನಾನು ಡಿಪೋದಿಂದ ಬರುವವರೆಗೆ.

ಹಲಗೆ ಸಿಕ್ಕಿದ್ದು ಕುಮಟೆಯ ಗುಜರಿಯಲ್ಲಿ.
ಉಪ್ಪಿನ ದಾಸ್ತಾನು ಕೆಡವಿದ್ದು, ಎಂದರು ಇಲಿಯಾಸ ಸಾಬರು,
ಮತ್ತಿ ಮರ, ಗೋಡೆಗೆ ಹೊಡೆದದ್ದು.
ಮೂಸಿದರೆ ಇನ್ನೂ ಅಳಿವೆಯ ವಾಸನೆ.
ಚದರಡಿಗೆ ನೂರೆಂಬತ್ತು. ನೂರೈವತ್ತಕ್ಕೆ ಇಳಿದರು.
ಒಳ್ಳೆಯದೆಲ್ಲ ಗೋವಾದ ಹೋಟೆಲಿಗೆ ಹೋಯ್ತು ಅಕ್ಕ,
ಇದು ಉಳಿದದ್ದು.
ಯಾವ ದಾಸ್ತಾನು ಎಂದು ನನಗೆ ಗೊತ್ತಿತ್ತು.
ಚೌಕಾಸಿಯ ನಡುವೆ ಹೇಳಲಿಲ್ಲ.

ಮೊದಲ ದಿನ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರೀಪು.
ಮಟ್ಟಗೋಲಿನ ಗುಳ್ಳೆ ಅಡುಗೆಮನೆಯ ಕಡೆಗೇ ಓಡುತ್ತದೆ.
ಬಿಲ್ಡರ್ ಕಳ್ಳ, ಎಂದ ಇನಾಸ ಖುಷಿಯಿಂದ,
ರಟ್ಟು ಮಡಚಿ ರೀಪಿನಡಿ ತುರುಕುತ್ತ.
ಹಲಗೆಯಿಂದ ಕಿತ್ತ ಮೊಳೆ ಒಂದು ಡಾಲ್ಡಾ ಡಬ್ಬಿ ತುಂಬ,
ಹಿಡಿದರೆ ಪುಡಿ, ಬೆರಳೆಲ್ಲ ಕೆಂಪು.

ಎರಡನೇ ದಿನ ಮಧ್ಯಾಹ್ನ ಹತ್ತರಿಯ ಸದ್ದು ನಿಂತಿತು.
ಇದರಲ್ಲಿ ಎಂತದೋ ಗೀಚಿದ್ದಾರೆ.
ನಾಲ್ಕು ಗೀರು, ಮೇಲೆ ಅಡ್ಡ ಒಂದು.
ನಾಲ್ಕು ಗೀರು, ಅಡ್ಡ ಒಂದು.
ಚೂರಿಯಲ್ಲಿ ಕೊರೆದ ಸಾಲು, ಸಾಲಿನ ತಲೆಗೆ ಒಂದೊಂದು ಚಿತ್ರ:
ಮೀನು. ಎಲೆ. ಬಾಚಣಿಗೆ.
ಓದಲು ಬಾರದವರ ಹಾಜರಿ.

ಅವ್ವಿಯನ್ನು ಕರೆದೆ. ಗೋಡೆ ಹಿಡಿದೇ ಬಂದಳು.
ಬಗ್ಗಿ, ಕನ್ನಡಕವಿಲ್ಲದೆ, ಬೆರಳಲ್ಲಿ ನೋಡಿದಳು.
ಬಾಚಣಿಗೆಯ ಮೇಲೆ ಬೆರಳು ನಿಂತಿತು, ನನ್ನ ಉಸಿರೂ.
ಮಾಸ್ತಿಯದು, ಎಂದಳು. ಸತ್ತಳು.
ಅವಳ ಬುಟ್ಟಿ ನನ್ನದಕ್ಕಿಂತ ದೊಡ್ಡದಿತ್ತು.
ಸ್ವಲ್ಪ ತಡೆದು: ಗೀರು ಕಡಿಮೆ ಉಂಟು.
ನಿಂದ್ಯಾವುದು?
ನಂದು ಚಂದ್ರ. ಅರ್ಧ ಚಂದ್ರ. ಇದರಲ್ಲಿಲ್ಲ.

ಎಲ್ಲ ತಿರುವಿ ಹಾಕಿದೆವು, ಐವತ್ತೊಂದೂ.
ಒಂದರಲ್ಲಿ ಯಾರದೋ ಲಗ್ನದ ತಾರೀಕು.
ಒಂದರಲ್ಲಿ ಬೈಗುಳ, ಇನಾಸ ಓದಿ ನಕ್ಕ, ನನಗೆ ಹೇಳಲಿಲ್ಲ.
ಚಂದ್ರ ಇರಲಿಲ್ಲ.
ಯಾರೋ ಈಗ ಅದರ ಮೇಲೆ ಬಿಯರಿಟ್ಟುಕೊಂಡು
ಸಮುದ್ರ ನೋಡುತ್ತಿರಬಹುದು.

ಬಾಚಣಿಗೆಯದನ್ನು ಹೆರೆಯಬೇಡ, ಎಂದೆ,
ನಡುಮನೆಯಲ್ಲಿ ಹಾಸು, ಎಲ್ಲರಿಗೂ ಕಾಣಲಿ.
ಅವ್ವಿ ಒಪ್ಪಲಿಲ್ಲ. ಬರೆದದ್ದನ್ನು ತುಳಿಯಬಾರದು.
ಒಣಮೀನು ಕಟ್ಟಿ ತಂದ ಪೇಪರಿಗೆ ಕಾಲು ತಾಗಿದರೂ
ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು,
ಹೆಬ್ಬೆಟ್ಟಿನ ಅವ್ವಿ.
ಹಾಗಾದರೆ ಹೆರೆದುಬಿಡಲಾ? ಇನಾಸ ಕೇಳಿದ.
ಅದಕ್ಕೂ ಒಪ್ಪಲಿಲ್ಲ.
ಕೊನೆಗೆ ಮಗುಚಿ ಹಾಸಿದೆವು, ಗೀರು ಕೆಳಮುಖ.
ಮಾಸ್ತಿಯ ತಪ್ಪುಲೆಕ್ಕ ಈಗ ಬಿಳಿ ಟೈಲ್ಸಿಗೆ ಮುಖ ಮಾಡಿ
ನಮ್ಮ ಸೋಫಾದ ಎದುರು.

ಮೂರನೇ ದಿನ ಯಾವ ಬಾಗಿಲೂ ಮುಚ್ಚಲಿಲ್ಲ.
ಮನೆ ಒಂದೂವರೆ ಇಂಚು ಎತ್ತರವಾಗಿತ್ತು.
ಬಾಗಿಲು ಕಳಚಿ, ಬುಡ ಕೊಯ್ದು, ಮತ್ತೆ ಕೂರಿಸಬೇಕು.
ಮೆಟ್ಟಬೇಡ, ಕೂರಬೇಡ ಎಂದು ನನ್ನ ಬಾಲ್ಯ ತುಂಬ ಬೈಸಿದ ಹೊಸ್ತಿಲು
ನೆಲಕ್ಕೆ ಸಮವಾಗಿ ಕಳೆದೇಹೋಯಿತು,
ಯಾರೂ ಗಮನಿಸಲಿಲ್ಲ.
ಬಚ್ಚಲಿಗೆ ಮಾತ್ರ ಈಗ ಇಳಿಯಬೇಕು. ಅದಕ್ಕೆಂದು
ಉಳಿದ ತುಂಡಿನಲ್ಲಿ ಇನಾಸ ಒಂದು ಓರೆಹಲಗೆ ಮಾಡಿದ,
ದುಡ್ಡು ಬೇಡವೆಂದ, ಚಾ ಎರಡು ಸಲ ಕುಡಿದ.

ರಾತ್ರಿ, ಸಿಬಿರೆಲ್ಲ ಗುಡಿಸಿದ ಮೇಲೆ, ಅವ್ವಿ ಕೇಳಿದಳು:
ಎಷ್ಟು ಕೊಟ್ಟೆ?
ಎಪ್ಪತ್ತೈದು, ಎಂದೆ, ಅರ್ಧ ನುಂಗಿ.
ಎಲ್ಲಕ್ಕೂ ಸೇರಿಯಾ?
ಅಡಿಗೆ.
ಸ್ವಲ್ಪ ಹೊತ್ತು ನಿಂತಳು, ಗೋಡೆ ಹಿಡಿಯದೆ.
ನಮಗೆ ದಿನಕ್ಕೆ ಎಂಟು, ಎಂದಳು.
ಆಮೇಲೆ ಹಲಗೆ ಎಣಿಸುತ್ತ ಬಚ್ಚಲಿಗೆ ನಡೆದಳು,
ಐದನೆಯದರ ಮೇಲೆ
ಪ್ರತಿಸಲ
ಹೆಜ್ಜೆ ಅಡ್ಡ ಇಟ್ಟು.