ಸ್ವರ್ಗದಿಂದ ಬಂದ ಫೋನು

ಪೆರ್ಲದ ಪೇಟೆಯಲ್ಲಿ, ಬಸ್ಸು ತಿರುಗುವಲ್ಲಿ,
ಬೇಕರಿಗೂ ಮದ್ದಿನಂಗಡಿಗೂ ನಡುವೆ ಸಿಕ್ಕಿಕೊಂಡ
ಒಂದೂವರೆ ಮೇಜಿನ ಅಂಗಡಿ ನನ್ನದು.
ಮಧ್ಯಾಹ್ನದ ಹೊತ್ತು ಐತಪ್ಪಣ್ಣ ಬಂದು
ಫೋನನ್ನು ಕವುಚಿ ಇಟ್ಟರು,
ಸೋತವರು ಇಸ್ಪೀಟೆಲೆ ಇಟ್ಟ ಹಾಗೆ.

“ಎಂತದೋ ಕೆಂಪು ಬರ್ತದೆ ಮಗಾ.
ಬದುಕಿದ್ದೇನೆ ಅಂತ ಬರೆದು ಕೊಡ್ಲಿಕ್ಕೆ ಉಂಟು,
ಇಲ್ಲದಿದ್ರೆ ಪೆನ್ಶನ್ ನಿಲ್ತದೆ.
ಇದು ಬಾಗಿಲೇ ತೆಗೆಯುವುದಿಲ್ಲ.”

ಮೂವತ್ತೊಂದು ವರ್ಷ ಕರೆಂಟು ಕಂಬ ಹತ್ತಿದವರು.
ಮನೆ ಸ್ವರ್ಗದಲ್ಲಿ. ನಗಬೇಡಿ,
ಬಸ್ಸಿನ ಬೋರ್ಡಿನಲ್ಲೂ ಹಾಗೆಯೇ ಉಂಟು,
ಕಂಡಕ್ಟರು ದಿನಾ ಊರ ಹೆಸರು ಕೂಗಿಯೇ ಜನ ಹತ್ತಿಸುವುದು.
ಆದರೆ ಸ್ವರ್ಗದವನೊಬ್ಬ ಜೀವಂತ ಇದ್ದಾನೆಂದು ನಂಬಿಸುವುದು
ಯಾವ ಕಚೇರಿಯಲ್ಲೂ ಸುಲಭವಲ್ಲ.

ತಿರುಗಿಸಿ ನೋಡಿದೆ.
ಕೆಂಪು ತ್ರಿಕೋನ, ಒಳಗೊಂದು ಉದ್ಗಾರ.
‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ,’ ಓದಿ ಹೇಳಿದೆ.
“ನನ್ನದು ಯಾವಾಗ ಖಾಸಗಿ ಇತ್ತು?” ಅಂದರು.
“ಹೆಂಡತಿಯ ಫೋನು ಬಂದರೆ
ಕಂಬದ ಮೇಲಿಂದಲೇ ಬೊಬ್ಬೆ ಹೊಡೆದವ ನಾನು.
ರಾತ್ರಿ ನಮ್ಮಲ್ಲಿ ಎಂತ ಸಾರು ಅಂತ
ಇಡೀ ಬಜಕೂಡ್ಲಿಗೆ ಗೊತ್ತಿತ್ತು.”

ರೀಚಾರ್ಜಿಗೆ ನಿಂತಿದ್ದ ಶಮ್ಮಾಸ್ ಬಗ್ಗಿ ನೋಡಿದ:
“ಕೆಳಗೆ ಸಣ್ಣದಾಗಿ ‘ಆದರೂ ಮುಂದುವರಿಯಿರಿ’ ಅಂತ ಉಂಟಲ್ಲ,
ಒತ್ತಿಬಿಡಿ ಅಣ್ಣಾ, ನಾವೆಲ್ಲ ಅದನ್ನೇ ಒತ್ತುವುದು.”

ಐತಪ್ಪಣ್ಣನ ಬೆರಳು ಏಳಹೊರಟದ್ದು ಅಲ್ಲೇ ನಿಂತಿತು.
ಲೈನ್ ಆಫ್ ಉಂಟು, ಹತ್ತು, ಎಂದು ಯಾರೋ ಕೆಳಗಿಂದ ಅಂದದ್ದಕ್ಕೆ
ಟೆಸ್ಟರ್ ಮುಟ್ಟಿಸದೆ ಕೈಯಿಟ್ಟಿದ್ದ ಕುಂಞಂಬು.
ಅವನನ್ನು ಹಗ್ಗ ಕಟ್ಟಿ ಇಳಿಸಿದ್ದು
ಇದೇ ಬೆರಳುಗಳು.
“ಬೇಡ ಮಗಾ. ಯಾಕೆ ಕೆಂಪು ಅಂತ ನೋಡು.”

ಇನ್ನೂ ಒಳಗೆ ಹೋದೆ.
ಪ್ರಮಾಣಪತ್ರ ಇನ್ನೂ ಚಾಲ್ತಿಗೆ ಬಂದಿಲ್ಲವಂತೆ.
ಇನ್ನೂ?
ಫೋನಿನ ನೆತ್ತಿಗೆ ಕಣ್ಣು ಹೋಯಿತು:
ಶುಕ್ರವಾರ, ಜನವರಿ ಒಂದು, ಎರಡು ಸಾವಿರದ ಹತ್ತು.

ಉಬ್ಬಿದ ಬ್ಯಾಟರಿಯನ್ನು ಮೊನ್ನೆ ಬದಲಿಸಿದ್ದು ನಾನೇ,
ತಾರೀಕು ಕೂರಿಸದೆ ಕೊಟ್ಟದ್ದೂ ನಾನೇ.
ಸ್ವರ್ಗದ ಗುಡ್ಡೆಯಲ್ಲಿ ಕೇರಳದ ಟವರೊಂದು ಕಡೆ,
ಕರ್ನಾಟಕದ್ದು ಇನ್ನೊಂದು ಕಡೆ ಜಗ್ಗುವಾಗ
ಯಾರೂ ಇದಕ್ಕೆ ಗಂಟೆ ಎಷ್ಟೆಂದು ಹೇಳಲಿಲ್ಲ.
ಪಾಪ, ಫೋನು ತನ್ನ ಲೆಕ್ಕದಲ್ಲಿ ಸರಿಯೇ ಇತ್ತು.
ಇನ್ನೂ ಹುಟ್ಟದವನ ಸಹಿಯನ್ನು ಯಾರು ನಂಬುತ್ತಾರೆ?

“ನೀವು ಬದುಕಿದ್ದೀರಿ ಅಂತ ಆ ಪುಟಕ್ಕೆ ಹೇಳುವ ಮೊದಲು
ತಾನು ಯಾರೆಂದು ಅದು ನಿಮ್ಮ ಫೋನಿಗೆ ಹೇಳಬೇಕು,” ಅಂದೆ.
“ಓ, ಅದಕ್ಕೂ ಮಸ್ಟರಿಂಗ್ ಉಂಟಾ?”

ತಾರೀಕು ಬದಲಿಸಲು ಹೋದವಳನ್ನು
“ಸ್ವಲ್ಪ ನಿಲ್ಲು” ಅಂದರು.
ಕನ್ನಡಕ ಹಣೆಗೆ ಏರಿಸಿ
ಆ ಶುಕ್ರವಾರವನ್ನು ಹತ್ತಿರ ಹಿಡಿದು ನೋಡಿದರು.
“ಆಗ ಕುಂಞಂಬು ಇದ್ದ.
ನನ್ನ ಕಟಿಂಗ್ ಪ್ಲೇಯರ್ ಅವನ ಚೀಲದಲ್ಲೇ ಉಳಿಯಿತು.”
ಹೊರಗೆ ಬಸ್ಸು ತಿರುಗಿ ನಿಂತಿತು,
ಇಳಿಯುವವರು ಇಳಿದರು.
ಶಮ್ಮಾಸನೂ ರೀಚಾರ್ಜ್ ಕೇಳಲಿಲ್ಲ.

“ಹೂಂ, ಹಾಕು.”

ಒಂದು ಸ್ವಿಚ್ಚು, ನೀಲಿಯಾಯಿತು.
ಅಷ್ಟೂ ವರ್ಷ, ಅಷ್ಟೂ ಮಳೆಗಾಲ,
ಟಿಕ್ ಎಂದೂ ಸದ್ದಾಗದೆ ದಾಟಿತು.
ಕೆಂಪು ಹೋಗಿ ಸಣ್ಣದೊಂದು ಬೀಗ ಬಂತು,
ಬೀಗ ಬಂದದ್ದರಿಂದ ಬಾಗಿಲು ತೆರೆಯಿತು.
ಮಲಯಾಳದಲ್ಲಿ ಬಂದ ಪುಟವನ್ನು ನಾನು ಕನ್ನಡದಲ್ಲಿ ಓದಿ
ತುಳುವಿನಲ್ಲಿ ಅರ್ಥ ಹೇಳಿದೆ.
ಮುಖ ತೋರಿಸಬೇಕಂತೆ,
ಜೀವ ಉಂಟೆಂದು ಗೊತ್ತಾಗಲು
ಕಣ್ಣು ಮಿಟುಕಿಸಬೇಕಂತೆ.

ಐತಪ್ಪಣ್ಣ ಅಂಗಿಯ ಕಾಲರು ಸರಿ ಮಾಡಿಕೊಂಡರು.
ಗಾಜಿನ ಎದುರು ನೆಟ್ಟಗೆ ಕೂತು ಒಮ್ಮೆ ಮಿಟುಕಿಸಿದರು.
ಮತ್ತೆ, ಯಾರೂ ಕೇಳದಿದ್ದರೂ, ಇನ್ನೊಮ್ಮೆ,
ಟೆಸ್ಟರನ್ನು ಎರಡೆರಡು ಸಲ ಮುಟ್ಟಿಸಿ ನೋಡುವವರ ಹಾಗೆ.

ಹತ್ತು ರೂಪಾಯಿ ಮೇಜಿನ ಮೇಲಿಟ್ಟು ಹೊರಟರು:
“ಬರುವ ವರ್ಷ ಕಾಂಬ ಮಗಾ,
ನನ್ನದೂ ಇದರದ್ದೂ ಗಡಿಯಾರ ಸರಿ ಇದ್ದರೆ.”