ಹೆಬ್ಬೆರಳಿನ ಕೆಳಗಿನ ಚೀಟಿ

ಭದ್ರಾವತಿಯ ಪೇಪರ್ ಟೌನು. ಶಾಲೆಯ ಗೇಟಿಗೆದುರು
ಅಂಜಲೈಯಮ್ಮನ ಗೂಡಂಗಡಿ. ಮೊಳೆಗೆ ತೂಗುವ ರಟ್ಟಿನ ಮೇಲೆ
ಹತ್ತು ಸಾಲಲ್ಲಿ ಮಡಿಸಿ ಅಂಟಿಸಿದ ನೂರು ಚೀಟಿ.
ರೂಪಾಯಿಗೆ ಒಂದು. ಕೀಳು, ಬಿಚ್ಚು, ಓದು.

ಇಪ್ಪತ್ತು ರೂಪಾಯಿಯದು ಒಂದೇ ಒಂದು.
ಐದರವು ನಾಲ್ಕು. ಒಂದರವು ಹದಿನೈದು.
ಮಿಕ್ಕ ಎಂಬತ್ತರಲ್ಲೂ ನಗುವ ಒಂದು ಗಿಳಿ,
ಕೊಕ್ಕಿನಲ್ಲಿ ‘ಮತ್ತೆ ಬಾ’.

ನಾನಾಗ ಆರನೇ ಕ್ಲಾಸು. ರಫ್ ಪುಸ್ತಕದ ಕೊನೆಯ ಹಾಳೆಯಲ್ಲಿ
ಇಪ್ಪತ್ತು, ನಾಲ್ಕೈದಲಿ ಇಪ್ಪತ್ತು, ಮೇಲೆ ಹದಿನೈದು
ಕೂಡಿದೆ. ನೂರು ಚೀಟಿಗೆ ಹಂಚಿದೆ.
ಒಂದಕ್ಕೆ ಐವತ್ತೈದು ಪೈಸೆ.
ಅಂಥ ನಾಣ್ಯ ಯಾವ ಟಂಕಸಾಲೆಯೂ ಹೊಡೆದಿಲ್ಲ,
ಯಾವ ಚೀಟಿಯ ಹೊಟ್ಟೆಯಲ್ಲೂ ಇಲ್ಲ,
ಆದರೂ ಇದೇ ನಿಜ ಕಣೋ ಅಂತ ಡೊಮಿನಿಕ್‌ಗೆ ಹೇಳಿದೆ.
ಅವನು ಆಗಷ್ಟೇ ಐದು ಗೆದ್ದಿದ್ದ.
‘ನಿನ್ನ ನಿಜ ನೀನೇ ಇಟ್ಕೋ’ ಅಂದ,
ಬಾಯ್ತುಂಬ ಉಪ್ಪು ನೆಲ್ಲಿಕಾಯಿ.

ನಾನು ಕೀಳಲಿಲ್ಲ. ಎಣಿಸಿದೆ.
ಊಟದ ಬೆಲ್ಲು, ಮನೆಯ ಬೆಲ್ಲು, ಎರಡನೇ ಪಾಳಿಯ ಸೈರನ್ನು,
ಯಾರ ಕೈಗೆ ಏನು ಬಂತೆಂದು ಗೀಟು ಎಳೆದೆ.
ಜಬೀನಾಗೆ ಗಿಳಿ. ಗಿಳಿ. ಒಂದು. ಶೇಷಪ್ಪನಿಗೆ ಗಿಳಿ.
ಜಬೀನಾಗೆ ಮತ್ತೆ ಗಿಳಿ, ಪಾಪ.
ಗಿಳಿಗಳು ಹಾರಿಹೋದಷ್ಟೂ
ಉಳಿದ ಚೀಟಿಗಳ ಬೆಲೆ ಏರುತ್ತದೆಂದು
ಯಾರೂ ಹೇಳಿಕೊಡದೆ ಹೊಳೆದ ಆ ಮಧ್ಯಾಹ್ನ
ಕಾರ್ಖಾನೆಯ ಪಲ್ಪಿನ ಹುಳಿ ನಾತವೂ ಹಿತವಾಗಿತ್ತು.

ಹನ್ನೊಂದನೆಯ ದಿನ ಉಳಿದದ್ದು ಇಪ್ಪತ್ನಾಲ್ಕು.
ಇಪ್ಪತ್ತರದು ಇನ್ನೂ ಒಳಗೇ. ಐದರದು ಒಂದು, ಒಂದರವು ಮೂರು.
ಇಪ್ಪತ್ತೆಂಟನ್ನು ಇಪ್ಪತ್ನಾಲ್ಕಕ್ಕೆ ಹಂಚಿದರೆ
ರೂಪಾಯಿ ದಾಟಿ ಮೇಲೆ ಹದಿನೇಳು ಪೈಸೆ, ಹತ್ತಿರ ಹತ್ತಿರ!
ಕೈಯಲ್ಲಿ ಮೂರಿತ್ತು, ಅಮ್ಮ ಕೊತ್ತಂಬರಿಗೆ ಕೊಟ್ಟದ್ದು.
ಕಿತ್ತೆ: ಗಿಳಿ.
ಕಿತ್ತೆ: ಗಿಳಿ.
ಕಿತ್ತೆ: ಒಂದು. ಆ ಒಂದನ್ನೂ ಕೊಟ್ಟು ಕಿತ್ತೆ: ಗಿಳಿ.

ಸರಾಸರಿ ಒಲಿಯುವುದು ಸಾವಿರ ಸಲ ಆಡುವವರಿಗೆ,
ಮೂರು ರೂಪಾಯಿಯವಳಿಗಲ್ಲ, ಅಂತ
ಗಂಟಲು ನುಂಗಿಕೊಳ್ಳುವಾಗ ಕಂಡಿತು ಅವಳ ಎಡಗೈ.
ಬೋರ್ಡು ಇಳಿಸಿ ನಮ್ಮೆದುರು ಹಿಡಿವಾಗೆಲ್ಲ
ಕೆಳಗಿನ ಮೂಲೆಯಲ್ಲಿ, ಅದೇ ಜಾಗದಲ್ಲಿ,
ಸುಣ್ಣ ಹತ್ತಿದ ಉಗುರಿನ ಆ ಹೆಬ್ಬೆರಳು.

‘ಏನು ಕಣ್ಣು, ಲೆಕ್ಕ?’
ಪುಸ್ತಕ ತಿರುಗಿಸಿ ತೋರಿಸಿದೆ. ಅಕ್ಷರ ಬಾರದು, ಅಂಕಿ ಬರುತ್ತಿತ್ತು ಅವಳಿಗೆ.
‘ದೊಡ್ಡದು ಮೊದಲ ದಿನವೇ ಹೋದ್ರೆ
ಉಳಿದದ್ದು ಯಾರು ಕೀಳ್ತಾರೆ, ನಿಮ್ಮಪ್ಪನಾ?
ಬೋರ್ಡಿಗೆ ಹದಿನೆಂಟು ಕೊಟ್ಟೀನಿ.
ಆಷಾಢದ ಥಂಡಿಗೆ ಗೋಂದು ಬಿಟ್ಟು ಚೀಟಿ ತಾವೇ ಬಾಯಿ ತೆರೀತಾವೆ,
ನಿನ್ನಂಥೋರು ಇಣುಕಿ ಆರಿಸ್ತೀರಿ. ಅದು ಬರೆದೀಯಾ?’
ಬರೆದಿರಲಿಲ್ಲ.
ರಾತ್ರಿ ಬೆರಳಡಿಯದನ್ನು ಬಿಟ್ಟು ಹೊಸದಾಗಿ ಹಂಚಿದೆ:
ನಾನು ಕೀಳುವಾಗ ಇದ್ದದ್ದು ಇಪ್ಪತ್ಮೂರು ಚೀಟಿ, ಎಂಟು ರೂಪಾಯಿ.
ಮೂವತ್ತೈದು ಪೈಸೆ.

ಈಗ ಶಿವಮೊಗ್ಗ, ದುರ್ಗಿಗುಡಿಯ ಮಹಡಿಯ ಟ್ಯೂಷನ್ನು.
‘ನಿರೀಕ್ಷಿತ ಮೌಲ್ಯ’ ಎಂದು ಬರೆದು ಕೆಳಗೆ ಗೆರೆ ಎಳೆಯುತ್ತೇನೆ.
‘ಪ್ರತಿ ಚೀಟಿಗೂ ಸಮಾನ ಅವಕಾಶ ಎಂದುಕೊಳ್ಳಿ.’
ಹುಡುಗರು ಎಂದುಕೊಳ್ಳುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು.
ಆ ಶನಿವಾರದ್ದು ಅವರಿಗೆ ಹೇಳುವುದಿಲ್ಲ:

ಬೆರಳು ಸರಿಯಿತು. ಎದುರಿಗಿದ್ದವನು
ಒಂದನೇ ಕ್ಲಾಸಿನ ಸಿಂಬಳದ ಹುಡುಗ, ಹೆಸರು ಇವತ್ತಿಗೂ ಗೊತ್ತಿಲ್ಲ.
ಕಿತ್ತ. ಬಿಚ್ಚಿದ. ಇಪ್ಪತ್ತನ್ನು ಓದಲು ಬಾರದೆ
ಹಿಂದೆ ಮುಂದೆ ತಿರುಗಿಸಿ ನೋಡಿದ,
ಎಲ್ಲರಿಗೂ ಗಿಳಿ ಬಂದಿದೆ ನಂಗೆ ಮಾತ್ರ ಇಲ್ಲ ಅಂತ
ಅಳಲು ಶುರುಮಾಡಿದ.